ಹಸಿದವರ ಮಾತು ಫೋನಿಗೂ ತಿಳಿಯಲಿ

ವಿಜಯಪುರ, ತಿಕೋಟಾ, ಬಬಲೇಶ್ವರದ ಬಂಧುಗಳೇ,

ಸಂಜೆ ಹೊತ್ತು ನಮ್ಮ ಜಿಲ್ಲಾಸ್ಪತ್ರೆಯ ಕಡೆ ಹೋಗಿ ನೋಡಿ. ರೋಗಿಯ ಜೊತೆ ಹಳ್ಳಿಯಿಂದ ಬಂದವರು ಬುತ್ತಿಗಂಟು ಬಿಚ್ಚಿಕೊಂಡು ಕೂತಿರುತ್ತಾರೆ. ಕಟ್ಟಿಕೊಂಡು ಬಂದ ಜೋಳದ ರೊಟ್ಟಿ ತೀರಿದ ಮೇಲೆ ಅವರ ಪಾಡೇನು? ಇಂದಿರಾ ಕ್ಯಾಂಟೀನಿನಲ್ಲಿ 10 ರೂಪಾಯಿಗೆ ಊಟವಿದೆ, ಮಠಗಳಲ್ಲಿ ದಾಸೋಹವಿದೆ. ಎಲ್ಲಿ, ಎಷ್ಟು ಹೊತ್ತಿನ ತನಕ ಎಂದು ಹೇಳುವವರು ಮಾತ್ರ ಸಿಗುವುದಿಲ್ಲ.

ಊಟದಷ್ಟೇ ಮುಖ್ಯ ರಾತ್ರಿ ತಂಗುವ ಜಾಗ. ನಗರದ ಪ್ರತಿ ಲಕ್ಷ ಜನಸಂಖ್ಯೆಗೆ ಸೂರಿಲ್ಲದ 100 ಮಂದಿಗಾದರೂ ವಸತಿ ಇರಬೇಕೆಂಬುದು ರಾಷ್ಟ್ರೀಯ ನಗರ ಜೀವನೋಪಾಯ ಅಭಿಯಾನದ ಮಾರ್ಗಸೂಚಿಯಾಗಿತ್ತು. 2011ರ ಜನಗಣತಿಯಲ್ಲೇ ವಿಜಯಪುರ ಮೂರು ಲಕ್ಷ ದಾಟಿತ್ತು. ರೇಶನ್ನಿನ ಹಕ್ಕೂ ಇದೆ: ‘ಒಂದು ದೇಶ, ಒಂದು ಪಡಿತರ ಚೀಟಿ’ ಯೋಜನೆಯಡಿ ಗೋವಾ, ಮಹಾರಾಷ್ಟ್ರಕ್ಕೆ ಗುಳೆ ಹೋದ ನಮ್ಮವರು ಅಲ್ಲೇ ರೇಶನ್ ಪಡೆಯಬಹುದು. ಬಿಹಾರದಿಂದ ಬಂದ ಕೂಲಿಕಾರರು ಇಲ್ಲೇ ಪಡೆಯಬಹುದು. ಹಕ್ಕು ಕಾಗದದ ಮೇಲಿದೆ, ಸುದ್ದಿ ಜನರಿಗೆ ಮುಟ್ಟಿಲ್ಲ.

ಕೃತಕ ಬುದ್ಧಿಮತ್ತೆ ಹಕ್ಕಿಗೂ ಜನರಿಗೂ ನಡುವಿನ ದಾರಿಯಾಗಬಲ್ಲದು. 2023ರಲ್ಲಿ ಹರಿಯಾಣದ ಬಿವಾನ್ ಹಳ್ಳಿಯಲ್ಲಿ ‘ಜುಗಲ್‌ಬಂದಿ’ ಎಂಬ ಚಾಟ್‌ಬಾಟ್ ಪ್ರಯೋಗ ನಡೆಯಿತು. ವಾಟ್ಸಾಪಿನಲ್ಲಿ ಬಾಯಿಮಾತಲ್ಲಿ ಕೇಳಿದರೆ ಸರ್ಕಾರಿ ಯೋಜನೆಗಳ ವಿವರವನ್ನು ಜನರ ಭಾಷೆಯಲ್ಲೇ ಅದು ತಿಳಿಸುತ್ತಿತ್ತು. ಓದು ಬರಹ ಬಾರದವರಿಗೂ ಇದು ದಕ್ಕುತ್ತದೆ. ಅಂಥದ್ದೊಂದು ನಮ್ಮಲ್ಲೂ ಬೇಕು. “ಇವತ್ತ ರಾತ್ರಿ ಎಲ್ಲಿ ಮಲಗಬೇಕ್ರಿ? ಊಟ ಎಲ್ಲಿ ಸಿಗತೈತ್ರಿ?” ಎಂದು ಕೇಳಿದ ಮುದುಕಿಗೆ ಅದು ಸರಿಯಾದ ಬಾಗಿಲು ತೋರಿಸಬೇಕು.

ಆದರೆ ಯಂತ್ರಕ್ಕೆ ಗೊತ್ತಿಲ್ಲದಿದ್ದರೂ ಗೊತ್ತಿದ್ದಂತೆ ಉತ್ತರಿಸುವ ಚಾಳಿಯಿದೆ. ತಪ್ಪು ವಿಳಾಸ ನಂಬಿ ನಡುರಾತ್ರಿ ಬೀಗ ಹಾಕಿದ ಬಾಗಿಲಿಗೆ ಹೋದವರ ಸಂಕಟಕ್ಕೆ ಯಾರು ಹೊಣೆ? ಅದಕ್ಕೇ ಕೈಮುಗಿದು ಕೇಳುತ್ತೇನೆ.

ಕಾಲೇಜಿನ ಹುಡುಗ ಹುಡುಗಿಯರೇ, ಮೂರೂ ಊರುಗಳ ಕ್ಯಾಂಟೀನು, ದಾಸೋಹ, ವಸತಿ ಕೇಂದ್ರ, ರೇಶನ್ ಅಂಗಡಿಗಳಿಗೆ ಖುದ್ದಾಗಿ ಹೋಗಿ ವಿಳಾಸ, ವೇಳೆ ಬರೆದುಕೊಳ್ಳಿ; ಪರಿಶೀಲಿಸಿದ ದಿನಾಂಕವನ್ನೂ ಹಾಕಿ. ಹಿರಿಯರೇ, ಕೇಂದ್ರ ಸರ್ಕಾರದ ಭಾಷಾ ತಂತ್ರಜ್ಞಾನ ಯೋಜನೆ ‘ಭಾಷಿಣಿ’ಯ ಭಾಷಾದಾನದಲ್ಲಿ ನಿಮ್ಮ ದನಿ ಕೊಡಿ; ನಮ್ಮ ಕಡೆಯ ಕನ್ನಡ ಯಂತ್ರದ ಕಿವಿಗೂ ರೂಢಿಯಾಗಲಿ. ಮಹಾನಗರ ಪಾಲಿಕೆ ಮತ್ತು ತಾಲ್ಲೂಕು ಅಧಿಕಾರಿಗಳೇ, ಈ ಪಟ್ಟಿಗೆ ಒಬ್ಬ ಹೊಣೆಗಾರರನ್ನು ನೇಮಿಸಿ. ಫೋನಿನ ಉತ್ತರ ಸಾಲದಾದಾಗ ಮಾತಾಡಲು ಮನುಷ್ಯರೇ ಸಿಗಬೇಕು. ನೆರವು ಕೇಳಿದವರ ಹೆಸರು, ಆಧಾರ್ ಸಂಖ್ಯೆ ಎಲ್ಲೂ ಸೋರಬಾರದು.

ಅಲ್ಲಿಯವರೆಗೆ ಸುಮ್ಮನೆ ಕೂರುವುದು ಬೇಡ. ರೇಶನ್ ತೊಂದರೆಗೆ 1967, ಹಿರಿಯರ ನೆರವಿಗೆ 14567, ಮಕ್ಕಳಿಗೆ 1098, ಮಹಿಳೆಯರಿಗೆ 181. ಈ ನಾಲ್ಕು ಸಹಾಯವಾಣಿ ಸಂಖ್ಯೆಗಳನ್ನು ನಿಮ್ಮ ಅಂಗಡಿ, ಗುಡಿ, ಮಸೀದಿ, ಬಸ್ ನಿಲ್ದಾಣದ ಗೋಡೆಗಳಲ್ಲಿ ಎಲ್ಲರಿಗೂ ಕಾಣುವ ಹಾಗೆ ಇವತ್ತೇ ಬರೆಯಿಸಿ. ಓದಲು ಬಾರದವರು ಬಂದರೆ ನೀವೇ ಫೋನ್ ಹಚ್ಚಿ ಕೊಡಿ. ಬಸವಣ್ಣ ಹುಟ್ಟಿದ ಜಿಲ್ಲೆ ನಮ್ಮದು. ದಾಸೋಹಕ್ಕೆ ದಾರಿ ತೋರಿಸುವುದೂ ದಾಸೋಹವೇ.