ಏಳದ ಕಂಪ್ಯೂಟರನ್ನು ‘ಸತ್ತಿದೆ’ ಎನ್ನುವ ಮುನ್ನ

ಬಾಗಲವಾಡದಂಥ ಊರಲ್ಲಿ ಕಂಪ್ಯೂಟರ್ ಕೆಟ್ಟರೆ ಅದನ್ನು ಚೀಲಕ್ಕೆ ಹಾಕಿಕೊಂಡು ಬಸ್ಸಿನಲ್ಲಿ ಮಾನ್ವಿಗೋ ರಾಯಚೂರಿಗೋ ಒಯ್ಯಬೇಕು. ಮದರ್‌ಬೋರ್ಡ್ ಹೋಗಿದೆ ಅಂತಾರೆ, ಬದಲಿಸುತ್ತೇವೆ. ಮನೆಗೆ ತಂದು ಬಟನ್ ಒತ್ತಿದರೆ ಫ್ಯಾನ್ ತಿರುಗುತ್ತದೆ, ಪರದೆ ಮಾತ್ರ ಕಪ್ಪು. ಮತ್ತೆ ಒಯ್ದರೆ ‘ಪ್ರೊಸೆಸರ್ ಕೂಡ ಹೋಗಿದೆ, ಹೊಸದೇ ತಗೊಂಡುಬಿಡ್ರಿ’ ಎಂಬ ಉತ್ತರ. ಅಷ್ಟರಲ್ಲಿ ಯಾವುದೋ ನೇಮಕಾತಿಯ ಅರ್ಜಿಗೆ ಕೊನೆಯ ದಿನ ಮುಗಿದಿರುತ್ತದೆ.

ಈ ಮಾತನ್ನು ಸುಮ್ಮನೆ ನಂಬಬಾರದು ಎಂಬುದು ನನ್ನ ವಾದ. ಬೋರ್ಡ್ ಸುಡುತ್ತದೆ, ಎಸ್‌ಎಂಪಿಎಸ್ ಸುಡುತ್ತದೆ. ಪ್ರೊಸೆಸರ್ ಸುಡುವುದು ಬಲು ಅಪರೂಪ. ನಮ್ಮ ಓಣಿಯ ಗೆಳೆಯನ ಕಂಪ್ಯೂಟರ್ ಏಳದಿದ್ದಾಗ ತೆರೆದು ನೋಡಿದೆವು. 24 ಪಿನ್ನಿನ ದೊಡ್ಡ ವೈರ್ ಕೂತಿತ್ತು, ಪ್ರೊಸೆಸರಿಗೆ ಕರೆಂಟ್ ಕೊಡುವ 4 ಪಿನ್ನಿನ ಚಿಕ್ಕ ವೈರ್ ಮೂಲೆಯಲ್ಲಿ ನೇತಾಡುತ್ತಿತ್ತು. ಹೊಸ ಕಂಪ್ಯೂಟರಿನ ದುಡ್ಡು ಉಳಿಯಿತು.

ಎಲ್ಲವೂ ಇಷ್ಟು ಸುಲಭ ಅಲ್ಲ ನಿಜ. ಆದರೆ ಕ್ರಮವಾಗಿ ಹುಡುಕಿದರೆ ದೋಷ ಸಿಗುತ್ತದೆ. ಮೊದಲು ಪ್ಲಗ್ ಕಿತ್ತು, ಬೋರ್ಡನ್ನು ಕ್ಯಾಬಿನೆಟ್ಟಿನಿಂದ ಹೊರತೆಗೆದು ಒಣ ರಟ್ಟಿನ ಮೇಲಿಡಿ. ಬೋರ್ಡಿನ ಕೆಳಗೆ ಹೆಚ್ಚುವರಿ ಹಿತ್ತಾಳೆ ಸ್ಕ್ರೂ ಉಳಿದು ಶಾರ್ಟ್ ಆಗುತ್ತಿದ್ದರೆ ಇಷ್ಟರಲ್ಲೇ ಗೊತ್ತಾಗುತ್ತದೆ. ಪ್ರೊಸೆಸರ್, ಅದರ ಫ್ಯಾನ್, ಎರಡು ಪವರ್ ವೈರ್, ಒಂದು ಪುಟ್ಟ ಸ್ಪೀಕರ್ ಬಿಟ್ಟು ಉಳಿದದ್ದೆಲ್ಲ ತೆಗೆಯಿರಿ, ರ‍್ಯಾಮ್ ಕೂಡ. ಈಗ ಆನ್ ಮಾಡಿದರೆ ಬೋರ್ಡ್ ‘ಬೀಪ್’ ಎಂದು ದೂರು ಹೇಳಬೇಕು. ಹೇಳಿತೆಂದರೆ ಪ್ರೊಸೆಸರ್ ಬದುಕಿದೆ ಎಂದೇ ಅರ್ಥ. ರ‍್ಯಾಮ್ ಇಲ್ಲ ಎಂಬುದನ್ನು ಕಂಡುಹಿಡಿದದ್ದೇ ಅದು. ಆಮೇಲೆ ಒಂದು ರ‍್ಯಾಮ್, ನಂತರ ಮಾನಿಟರ್, ನಂತರ ಹಾರ್ಡ್ ಡಿಸ್ಕ್ ಹೀಗೆ ಒಂದೊಂದೇ ಸೇರಿಸುತ್ತ ಹೋಗಿ, ಪ್ರತಿ ಸಲ ಪ್ಲಗ್ ಕಿತ್ತು. ಎಸ್‌ಎಂಪಿಎಸ್ ಪೆಟ್ಟಿಗೆಯನ್ನು ಮಾತ್ರ ಬಿಚ್ಚಬೇಡಿ, ಪ್ಲಗ್ ಕಿತ್ತ ಮೇಲೂ ಅದರ ಕೆಪಾಸಿಟರ್ ಶಾಕ್ ಹೊಡೆಯಬಲ್ಲದು.

ಬೀಪ್ ಬರದಿದ್ದರೆ? ಆಗಲೂ ಪ್ರೊಸೆಸರನ್ನು ದೂರುವ ಮುನ್ನ ಜೋಡಿ ಹೊಂದುತ್ತದೆಯೇ ನೋಡಬೇಕು. ಹಳೆ ಕಂಪ್ಯೂಟರುಗಳಿಗೆ ಅಗ್ಗದಲ್ಲಿ ಸಿಗುವ ಎಚ್61 ಬೋರ್ಡನ್ನೇ ತಗೊಳ್ಳಿ. ಅದು ಬಂದದ್ದು 2011ರಲ್ಲಿ, ಇಂಟೆಲ್‌ನ 2ನೇ ತಲೆಮಾರಿನ ಪ್ರೊಸೆಸರಿಗಾಗಿ. ಮರುವರ್ಷದ 3ನೇ ತಲೆಮಾರಿನದೂ ಅದೇ 1155 ಸಾಕೆಟ್ಟಿನಲ್ಲಿ ಕೂರುತ್ತದೆ, ಆದರೆ ಬೋರ್ಡಿನ ಬಯಾಸ್ ಹಳೆಯದಿದ್ದರೆ ಅದನ್ನು ಗುರುತಿಸುವುದಿಲ್ಲ. ಎರಡೂ ಸರಿ ಇವೆ, ಕಂಪ್ಯೂಟರ್ ಏಳದು! 2ನೇ ತಲೆಮಾರಿನ ಪ್ರೊಸೆಸರನ್ನು ಸ್ವಲ್ಪ ಹೊತ್ತು ಕಡ ತಂದು ಬಯಾಸ್ ನವೀಕರಿಸಿದರೆ ಮುಗಿಯಿತು. ಸಾಕೆಟ್ಟಿನೊಳಗೆ ಟಾರ್ಚ್ ಹಾಕಿಯೂ ನೋಡಿ. ಒಂದು ಪಿನ್ ಬಾಗಿದರೂ ಸಾಕು, ಬೋರ್ಡ್ ಮೌನ.

ಇನ್ನೊಂದು ಮಾತು. ಬೋರ್ಡ್ ಎದ್ದು, ವಿಂಡೋಸ್ ಮಾತ್ರ ಏಳದಿದ್ದರೆ ‘ಫಾರ್ಮ್ಯಾಟ್ ಮಾಡ್ರಿ’ ಎಂದು ಒಪ್ಪಬೇಡಿ. ಬಯಾಸಿನಲ್ಲಿ ಲೆಗಸಿ, ಯುಇಎಫ್ಐ ಎಂಬ ಎರಡು ದಾರಿಗಳಿವೆ; ಹಳೆಯ ಬೋರ್ಡಿನಲ್ಲಿ ಇದ್ದುದನ್ನೇ ಹೊಸದರಲ್ಲೂ ಆರಿಸಿದರೆ ಎಷ್ಟೋ ಸಲ ನಿಮ್ಮ ಅಂಕಪಟ್ಟಿ, ನೋಟ್ಸ್ ಎಲ್ಲ ಇದ್ದಲ್ಲೇ ಸಿಗುತ್ತವೆ.

ರಿಪೇರಿಯವರನ್ನಷ್ಟೇ ಬೈಯುವುದು ನ್ಯಾಯವಲ್ಲ. ಒಂದು ತಾಸು ಕೂತು ವೈರ್ ಹುಡುಕಿದ್ದಕ್ಕೆ ದುಡ್ಡು ಕೊಡಲು ನಾವೇ ಗೊಣಗುತ್ತೇವೆ, ಹೊಸ ಬಿಡಿಭಾಗಕ್ಕೆ ಮಾತಿಲ್ಲದೆ ಕೊಡುತ್ತೇವೆ. ಐಟಿಐಗಳಲ್ಲಿ ಕಂಪ್ಯೂಟರ್ ಹಾರ್ಡ್‌ವೇರ್ ಮತ್ತು ನೆಟ್‌ವರ್ಕ್ ನಿರ್ವಹಣೆಯ ಟ್ರೇಡೇ ಇದೆ. ಅದನ್ನು ಡಿಗ್ರಿಯವರು ಕೀಳಾಗಿ ನೋಡುವುದನ್ನೂ ಕಂಡಿದ್ದೇನೆ. ಮದರ್‌ಬೋರ್ಡಿನ ಚಿತ್ರ ಬರೆದು ಅಂಕ ಗಿಟ್ಟಿಸುವ ನಮ್ಮಲ್ಲಿ ಲ್ಯಾಬಿನ ಒಂದು ಡಬ್ಬಿಯನ್ನಾದರೂ ತೆರೆದವರು ಎಷ್ಟು ಮಂದಿ? ಪ್ರತಿ ಕಾಲೇಜಿನ ಸ್ಟೋರ್ ರೂಮಿನಲ್ಲಿ ಧೂಳು ತಿನ್ನುತ್ತಿರುವ ಹಳೆಯ ಕಂಪ್ಯೂಟರುಗಳಲ್ಲಿ ಎರಡನ್ನು ವಿದ್ಯಾರ್ಥಿಗಳ ಕೈಗೆ, ಒಂದು ಸ್ಕ್ರೂಡ್ರೈವರ್ ಜೊತೆ, ಶನಿವಾರ ಮಧ್ಯಾಹ್ನ ಬಿಟ್ಟುಕೊಡಲಿ. ಖರ್ಚೇನೂ ಇಲ್ಲ, ಪ್ರಾಂಶುಪಾಲರ ಅನುಮತಿಯೊಂದಿದ್ದರೆ ಆಯಿತು.