ಅಮೆರಿಕ ಎಷ್ಟು ದೂರ? ಕಾಲನ್ನು ಕೇಳಿ

ಮಗಳ ಬಾಣಂತನಕ್ಕೆಂದು ಅಮೆರಿಕಕ್ಕೆ ಹೊರಟಿದ್ದ ಕೆ.ಆರ್. ಪೇಟೆ ಕಡೆಯ ತಾಯಿಯೊಬ್ಬರು 2023ರಲ್ಲಿ ನನ್ನ ಕ್ಲಿನಿಕ್‌ಗೆ ಬಂದಿದ್ದರು. "ನಾಳೆ ವಿಮಾನ ಸಾರ್. ಹದಿನೇಳು ಗಂಟೆ ಕೂತರೆ ಆಯ್ತಂತೆ. ಶುಗರ್ ಮಾತ್ರೆ ಬರೆದುಕೊಡಿ" ಎಂದರು. ಬರೆದುಕೊಟ್ಟೆ. ಹೊರಗೆ ಜನ ಕಾಯುತ್ತಿದ್ದರು, ಬೇರೇನೂ ಹೇಳಲಿಲ್ಲ. ಅಲ್ಲಿಗೆ ತಲುಪಿದ ನಾಲ್ಕನೆಯ ದಿನ ಅವರ ಎಡಗಾಲಿನ ಮೀನಖಂಡ ಊದಿಕೊಂಡಿತು. ಒಳಗಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಿತ್ತು. ಬಾಣಂತನ ಮಾಡಲು ಹೋದವರನ್ನು ಬಾಣಂತಿಯೇ ನೋಡಿಕೊಳ್ಳಬೇಕಾಯಿತು. ಪಕ್ಕದವರನ್ನು ಎಬ್ಬಿಸಿ ಶೌಚಾಲಯಕ್ಕೆ ಹೋಗಲು ಸಂಕೋಚಪಟ್ಟು ದಾರಿಯುದ್ದಕ್ಕೂ ನೀರನ್ನೇ ಕುಡಿದಿರಲಿಲ್ಲವಂತೆ.

ಬೆಂಗಳೂರಿನಿಂದ ಸ್ಯಾನ್‌ಫ್ರಾನ್ಸಿಸ್ಕೋ ಸುಮಾರು 14,000 ಕಿ.ಮೀ. 2021ರ ಜನವರಿಯಲ್ಲಿ ಏರ್ ಇಂಡಿಯಾ ಆರಂಭಿಸಿದ ನೇರ ವಿಮಾನಕ್ಕೆ ಸುಮಾರು 17 ಗಂಟೆ ಹಿಡಿಯುತ್ತಿತ್ತು. ಆದರೆ ಇದು ವಿಮಾನದ ಲೆಕ್ಕ. ದೇಹದ ಲೆಕ್ಕ ಮನೆಯ ಹೊಸಿಲಿನಿಂದ ಶುರುವಾಗುತ್ತದೆ. ಕೆ.ಆರ್. ಪೇಟೆಯಿಂದಾಗಲಿ ನಾಗಮಂಗಲದಿಂದಾಗಲಿ ದೇವನಹಳ್ಳಿಯ ನಿಲ್ದಾಣಕ್ಕೆ ಕಾರಿನಲ್ಲಿ ಮೂರು ನಾಲ್ಕು ಗಂಟೆ, ಅಲ್ಲಿ ಮೂರು ಗಂಟೆ ಕಾಯುವುದು, ಇಳಿದ ಮೇಲೆ ಮತ್ತೆರಡು ಗಂಟೆ. ಹದಿನೇಳು ಇಪ್ಪತ್ತೈದಾಯಿತು!

ಕಾಲಿನ ರಕ್ತವನ್ನು ಮೇಲಕ್ಕೆ ತಳ್ಳುವುದು ಮೀನಖಂಡದ ಸ್ನಾಯು. ಅದು ಅಲುಗಾಡದಿದ್ದರೆ ರಕ್ತ ನಿಧಾನವಾಗಿ ಹೆಪ್ಪುಗಟ್ಟಬಹುದು. ಆ ಹೆಪ್ಪು ಕಳಚಿ ಶ್ವಾಸಕೋಶ ಸೇರಿದರೆ ಪ್ರಾಣಕ್ಕೇ ಅಪಾಯ. ನಾಲ್ಕು ಗಂಟೆ ಮೀರಿದ ಪ್ರಯಾಣದಲ್ಲಿ ಈ ಅಪಾಯ ಸುಮಾರು ಎರಡರಷ್ಟಾಗುತ್ತದೆ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಅಧ್ಯಯನ 2007ರಲ್ಲಿ ತಿಳಿಸಿತು. ಆದರೂ ಅದು ಸುಮಾರು 6,000 ಮಂದಿಯಲ್ಲಿ ಒಬ್ಬರಿಗೆ ಮಾತ್ರ. ಹೆದರಿ ಪ್ರಯಾಣ ನಿಲ್ಲಿಸಬೇಕಿಲ್ಲ, ಎಚ್ಚರ ಸಾಕು.

ಗಂಟೆಗೊಮ್ಮೆಯಾದರೂ ಎದ್ದು ನಾಲ್ಕು ಹೆಜ್ಜೆ ನಡೆಯಿರಿ. ಕೂತಲ್ಲೇ ಪಾದವನ್ನು ಮೇಲೆ ಕೆಳಗೆ ಆಡಿಸಿ. ಆಗಾಗ್ಗೆ ನೀರು ಕುಡಿಯಿರಿ. ಇಂಗ್ಲಿಷ್ ಬಾರದೆ ದಾರಿ ತಪ್ಪುವ ಭಯಕ್ಕೆ ನಮ್ಮ ಹಿರಿಯರು ಗಾಲಿಕುರ್ಚಿ ಕೇಳುತ್ತಾರೆ. ಅದು ತಪ್ಪಲ್ಲ, ಆದರೆ ವಿಮಾನದೊಳಗೆ ನಡೆಯಲೇಬೇಕು. ಮಾತ್ರೆ, ಇನ್ಸುಲಿನ್ ಮತ್ತು ವೈದ್ಯರ ಚೀಟಿ ಕೈಚೀಲದಲ್ಲಿರಲಿ. ಪಶ್ಚಿಮಕ್ಕೆ ಹೋದಂತೆ ದಿನ ಉದ್ದವಾಗುವುದರಿಂದ ಇನ್ಸುಲಿನ್ ಹೊತ್ತನ್ನು ಮೊದಲೇ ವೈದ್ಯರಲ್ಲಿ ಕೇಳಿಕೊಳ್ಳಿ. ಯಾರೋ ಹೇಳಿದರೆಂದು ಆಸ್ಪಿರಿನ್ ನುಂಗಬೇಡಿ. ಹಿಂದೆ ಹೆಪ್ಪುಗಟ್ಟಿದ್ದವರು, ಇತ್ತೀಚೆಗೆ ಶಸ್ತ್ರಚಿಕಿತ್ಸೆ ಆದವರು, ಕ್ಯಾನ್ಸರ್ ಇರುವವರು ವೈದ್ಯರನ್ನು ಕಾಣದೆ ಹೊರಡಲೇಬಾರದು. ಒಂದೇ ಕಾಲು ಊದಿ ನೋವಾದರೆ, ಉಸಿರು ಕಟ್ಟಿದರೆ, ಎದೆ ನೋವು ಬಂದರೆ ತಡಮಾಡದೆ ಆಸ್ಪತ್ರೆಗೆ ಹೋಗಿ.

ಕೊನೆಯ ಮಾತು ಟಿಕೆಟ್ ಕೊಳ್ಳುವ ಮಕ್ಕಳಿಗೆ. ದುಬೈ ಮೂಲಕವಾದರೆ ಮೊದಲು ನಾಲ್ಕು ಗಂಟೆ, ಆಮೇಲೆ ಒಂದೇ ಸಮನೆ ಹದಿನೈದು ಹದಿನಾರು ಗಂಟೆ. ಫ್ರಾಂಕ್‌ಫರ್ಟ್ ಮೂಲಕವಾದರೆ ಹತ್ತು, ಹನ್ನೊಂದು ಗಂಟೆಗಳ ಎರಡು ಭಾಗ. ನಡುವೆ ಕಾಲಾಡಿಸಲು ಬಿಡುವು. ಬೇಗ ತಲುಪುವ ವಿಮಾನವೇ ಹಿರಿಯರಿಗೆ ಒಳ್ಳೆಯದೆಂದಿಲ್ಲ. ಸಾಧ್ಯವಾದರೆ ನಡುದಾರಿಯ ಪಕ್ಕದ ಸೀಟು ಕೊಡಿಸಿ, ಯಾರನ್ನೂ ಎಬ್ಬಿಸುವ ಸಂಕೋಚವಿರದು. ಹೊರಡುವ ತಿಂಗಳ ಮೊದಲೇ ಅಪ್ಪ ಅಮ್ಮನನ್ನು ಊರಿನ ವೈದ್ಯರ ಬಳಿಗೆ ಕಳುಹಿಸಿ. ಆಗ ನಮ್ಮಂಥವರೂ ಮಾತ್ರೆ ಬರೆದು ಸುಮ್ಮನಾಗದೆ ನಾಲ್ಕು ಮಾತು ಹೇಳಬೇಕು. ಆ ತಾಯಿಗೆ ಅಂದು ನಾನು ಹೇಳಲಿಲ್ಲ.