ವಾಟ್ಸಾಪ್‌ಗೆ ಬಂದ ರಿಪೋರ್ಟು

ಮೂರು ತಿಂಗಳಿಂದ ಮಲದಲ್ಲಿ ರಕ್ತ, ದಿನಕ್ಕೆ ಆರೇಳು ಸಲ ಟಾಯ್ಲೆಟ್‌ಗೆ ಓಟ. ಪೈಲ್ಸ್ ಇರಬೇಕು, ಎಲ್ಲಾ ಹೋಟೆಲ್ ಊಟದ ಉಷ್ಣ ಅಂತ ನಾನೇ ತೀರ್ಮಾನಿಸಿ ಮಜ್ಜಿಗೆ ಕುಡಿದುಕೊಂಡಿದ್ದೆ. ಇಂಥದ್ದನ್ನೆಲ್ಲ ಯಾರ ಹತ್ರ ಹೇಳೋದು? ಆರು ಕೆಜಿ ಇಳಿದ ಮೇಲೆ ಅಮ್ಮನೇ ಬೈದು ಡಾಕ್ಟರ ಹತ್ತಿರ ಕರೆದುಕೊಂಡು ಹೋದಳು.

ಸಿಟಿ ಸ್ಕ್ಯಾನ್ ಆಯಿತು. ಡಾಕ್ಟರು ನೋಡುವ ಮೊದಲೇ ರಿಪೋರ್ಟು ನನ್ನ ವಾಟ್ಸಾಪ್‌ಗೆ ಬಂತು. ದೊಡ್ಡ ಕರುಳಿನ ಎಡಭಾಗದ ಗೋಡೆ 8 ಮಿ.ಮೀ. ದಪ್ಪ ಅಂತಿತ್ತು. ರಾತ್ರಿ ಎರಡರವರೆಗೆ ಗೂಗಲ್ ಮಾಡಿದೆ. ಎಲ್ಲಿ ಒತ್ತಿದರೂ ಕ್ಯಾನ್ಸರ್ ಅನ್ನೋ ಪದ. ಪಕ್ಕದ ರೂಮಲ್ಲಿದ್ದ ಅಮ್ಮನನ್ನ ಎಬ್ಬಿಸೋಕೆ ಧೈರ್ಯ ಬರಲಿಲ್ಲ.

ಬೆಳಿಗ್ಗೆ ಡಾಕ್ಟರು ಚಿತ್ರ ತೋರಿಸಿ ವಿವರಿಸಿದರು. ಚೆನ್ನಾಗಿ ಹಿಗ್ಗಿದ ಕರುಳಿನ ಗೋಡೆ ಸಾಮಾನ್ಯವಾಗಿ 3 ಮಿ.ಮೀ.ಗಿಂತ ತೆಳ್ಳಗಿರುತ್ತೆ. ಉರಿಯೂತವಾದಾಗ ಊದಿಕೊಳ್ಳುತ್ತೆ, ಅಲ್ಲಿಗೆ ರಕ್ತ ಜಾಸ್ತಿ ಹರಿಯುತ್ತೆ. ಹಾಗಾಗಿ ಕೈಗೆ ಚುಚ್ಚಿದ ಕಾಂಟ್ರಾಸ್ಟ್ ಔಷಧಿ ಆ ಜಾಗದಲ್ಲಿ ಬೆಳ್ಳಗೆ ಕಾಣುತ್ತೆ.

"ಗೋಡೆ ಊದಿದೆ ಅಂತ ಸ್ಕ್ಯಾನ್ ಹೇಳುತ್ತಮ್ಮ. ಯಾಕೆ ಊದಿದೆ ಅಂತ ಅದೊಂದೇ ಹೇಳಲ್ಲ" ಅಂದರು.

ಅಮೀಬಾ ಸೋಂಕು, ಟಿಬಿ, ಅಲ್ಸರೇಟಿವ್ ಕೊಲೈಟಿಸ್, ಕ್ರೋನ್ಸ್, ಕ್ಯಾನ್ಸರ್ ಎಲ್ಲದರಲ್ಲೂ ಗೋಡೆ ದಪ್ಪಗಾಗುತ್ತೆ. ಸುಳಿವು ಸಿಗೋದು ಜಾಗದಿಂದ. ಅಲ್ಸರೇಟಿವ್ ಕೊಲೈಟಿಸ್ ಸಾಮಾನ್ಯವಾಗಿ ಗುದನಾಳದಲ್ಲಿ ಶುರುವಾಗಿ ಬಿಡುವಿಲ್ಲದೆ ಮೇಲಕ್ಕೆ ಹಬ್ಬುತ್ತೆ. ಕ್ರೋನ್ಸ್ ಅಲ್ಲಲ್ಲಿ ಬಿಟ್ಟು ಬಿಟ್ಟು ಬರುತ್ತೆ, ಹೆಚ್ಚಾಗಿ ಸಣ್ಣ ಕರುಳಿನ ಕೊನೆಯಲ್ಲಿ. ನಮ್ಮ ದೇಶದಲ್ಲಿ ಟಿಬಿಯೂ ಅದೇ ಜಾಗ ಹಿಡಿಯೋದರಿಂದ ಎರಡನ್ನೂ ಬೇರೆ ಮಾಡೋದು ಕಷ್ಟ. ಟಿಬಿಯನ್ನ ಕ್ರೋನ್ಸ್ ಅಂದುಕೊಂಡು ಸ್ಟಿರಾಯ್ಡ್ ಕೊಟ್ಟರೆ ಟಿಬಿ ಉಲ್ಬಣಿಸಬಹುದು. ಅದಕ್ಕೇ ಮಲ ಪರೀಕ್ಷೆ, ಕೊಲೊನೊಸ್ಕೋಪಿ, ಬಯಾಪ್ಸಿ.

ನನ್ನದು ಅಲ್ಸರೇಟಿವ್ ಕೊಲೈಟಿಸ್. ಪೂರ್ತಿ ಬಿಟ್ಟು ಹೋಗುವ ಕಾಯಿಲೆಯಲ್ಲ, ಆದರೆ ಹತೋಟಿಯಲ್ಲಿಡಬಹುದು. ಒಂದು ವರ್ಷದಿಂದ ದಿನಾ ಮಾತ್ರೆ ತಗೋತಿದ್ದೀನಿ. ಪದೇ ಪದೇ ಸಿಟಿ ಮಾಡಿದರೆ ವಿಕಿರಣ ಸೇರುತ್ತೆ ಅಂತ ಈಗ ಹೊಟ್ಟೆಯ ಮೇಲಿಂದ ಅಲ್ಟ್ರಾಸೌಂಡ್ ಮಾಡಿ ಗೋಡೆ ಅಳೀತಾರೆ. ಹೋದ ತಿಂಗಳು ಅದು 3 ಮಿ.ಮೀ.ಗೆ ಇಳಿದಿತ್ತು.

ನಿಮಗೂ ರಕ್ತ ಕಂಡರೆ ಪೈಲ್ಸ್ ಅಂತ ನೀವೇ ಹೆಸರಿಡಬೇಡಿ, ನಾಚಿಕೆ ಬಿಟ್ಟು ಡಾಕ್ಟರಿಗೆ ತೋರಿಸಿ. ರಿಪೋರ್ಟು ರಾತ್ರಿ ಬಂದರೆ ಫೋನ್ ಪಕ್ಕಕ್ಕಿಟ್ಟು ಮನೆಯವರನ್ನ ಎಬ್ಬಿಸಿ. ಆ ರಾತ್ರಿ ಅಮ್ಮನಿಗೂ ನಿದ್ದೆ ಬಂದಿರಲಿಲ್ಲವಂತೆ.